ಮದುವೆಯ ಎಂಜಲು ಮತ್ತು ಒಂದು ತಾಕು ಬಾರ್ಲಿ

ಆ ಚಳಿಗಾಲವಿಡೀ ನಾನು ಎಂಜಲು ಬಾಚಿದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಬಾಚಿದೆ. ಕುವೈತ್ ನಗರದ ಒಂದು ದೊಡ್ಡ ಹೋಟೆಲಿನಲ್ಲಿ ಮದುವೆಯೋ ಔತಣವೋ ನಡೆದ ಮರುದಿನ ಬೆಳಿಗ್ಗೆ, ಅಲ್ಲಿ ಉಳಿದದ್ದೆಲ್ಲ ನೀಲಿ ಡ್ರಮ್ಮುಗಳಲ್ಲಿ ತುಂಬಿಕೊಂಡು ದಕ್ಷಿಣದ ವಫ್ರಾ ಎಂಬ ತೋಟಗಳ ಸೀಮೆಗೆ ಬರುತ್ತಿತ್ತು. ಅಲ್ಲಿ ನಾನೂ ಒಬ್ಬ ಬಂಗಾಲಿ ಕೆಲಸಗಾರನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾದಿರುತ್ತಿದ್ದೆವು. ಮಣ್ಣಿನ ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಿದವನಿಗೆ ಸಿಕ್ಕ ಕೆಲಸ ಅದು. ನಮ್ಮ ಮನೆಯಲ್ಲಿ ಮುಸುರೆ ಪಾತ್ರೆ ಮುಟ್ಟಿದರೆ ಕೈ ತೊಳೆಯದೆ ನೀರಿನ ಕೊಡ ಮುಟ್ಟುವಂತಿರಲಿಲ್ಲ. ಇಲ್ಲಿ ಮೊಣಕೈವರೆಗೂ ಕೈ ಇಳಿಸಿ ಕುರಿಯ ಮೂಳೆ, ಹಲ್ಲುಕಡ್ಡಿ, ನಿಂಬೆಹೋಳು ಸುತ್ತಿದ ಬಲೆಬಟ್ಟೆ, ಬೆಳ್ಳಿಬಣ್ಣದ ಹಾಳೆಯ ಚೂರುಗಳನ್ನು ಆರಿಸಿ ತೆಗೆಯಬೇಕಿತ್ತು.

ಅಕ್ಕಿಯ ಬೆಲೆ ಗಗನಕ್ಕೇರಿ, ನಮ್ಮ ದೇಶ ಸಾಧಾರಣ ಅಕ್ಕಿ ಹೊರಗೆ ಕಳಿಸುವುದನ್ನು ನಿಲ್ಲಿಸಿದ್ದ ಕಾಲ. ನಮ್ಮ ಕಂಪನಿಯದು ಆಹಾರ ಪದಾರ್ಥಗಳ ವ್ಯಾಪಾರ. ಅದರ ಯಜಮಾನರು, ಸಂಭಾವಿತ ಕುವೈತಿ ಹಿರಿಯರು, ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಕೇಳಿದರಂತೆ: ನಮ್ಮ ನೆಲದಡಿಯ ಎಣ್ಣೆ ಮುಗಿದ ಮೇಲೆ ನನ್ನ ಮೊಮ್ಮಕ್ಕಳು ಏನು ತಿನ್ನುತ್ತಾರೆ? ಆ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಅಲ್ಲಿಂದ ಹುಟ್ಟಿದ್ದೇ ಒಂದು ಹನಿ ಎಣ್ಣೆಯೂ ಇಲ್ಲದೆ ಊಟ ಬೆಳೆದು ತೋರಿಸುವ ಯೋಜನೆ. ಯಂತ್ರ ಇಲ್ಲ, ಡೀಸೆಲ್ ಇಲ್ಲ, ಮುಖ್ಯವಾಗಿ ಯೂರಿಯಾ ಇಲ್ಲ. ಯೂರಿಯಾ ಎಂದರೆ ನೆಲದಡಿಯ ಅನಿಲವೇ ಬಿಳಿ ಹರಳಾಗಿ ಚೀಲ ಸೇರಿದ್ದು. ಅನಿಲ ನಿಂತ ದಿನ ಅದೂ ನಿಲ್ಲುತ್ತದೆ. ಅದರ ಬದಲಿಗೆ ಊರಿನ ಎಂಜಲನ್ನೇ ಗೊಬ್ಬರ ಮಾಡಿ, ಆ ಗೊಬ್ಬರದಲ್ಲಿ ಬಾರ್ಲಿ ಬೆಳೆಯುವುದು ನನ್ನ ಪಾಲಿಗೆ ಬಂತು.

ವಸಂತಕ್ಕೆ ಯಜಮಾನರು ಅತಿಥಿಗಳನ್ನು ಕರೆತಂದು ನೋಡುತ್ತಾರೆ, ಬೆಳೆ ಚೆನ್ನಾಗಿದ್ದರೆ ಘಟಕ ಉಳಿಯುತ್ತದೆ, ನನ್ನ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಣವಾಗುತ್ತದೆ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಆಗದಿದ್ದರೆ ಖಲಾಸ್. ಮಗಳು ನನ್ನ ಇಕಾಮಾದ ಮೇಲೆಯೇ ಇದ್ದಳು. ಹೆಂಡತಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು, ಅವಳ ವೀಸಾದಲ್ಲಿ ನಮ್ಮಿಬ್ಬರನ್ನು ಇಟ್ಟುಕೊಳ್ಳುವ ದಾರಿ ಇರಲಿಲ್ಲ. ನನ್ನದು ರದ್ದಾದರೆ ನಾನೂ ಮಗಳೂ ವಿಮಾನ ಹತ್ತಬೇಕು, ಅವಳೊಬ್ಬಳೇ ಉಳಿಯಬೇಕು. ಹಾಗಾಗಿ ಆ ಮರಳಿನಲ್ಲಿ ಬಾರ್ಲಿ ಹಸಿರಾಗುವುದಕ್ಕೂ ಅಬು ಹಲೀಫಾದ ಎರಡು ಕೋಣೆಯ ಮನೆಯಲ್ಲಿ ನಾವು ಮೂವರೂ ಒಟ್ಟಿಗಿರುವುದಕ್ಕೂ ನೇರ ಸಂಬಂಧವಿತ್ತು.

ಹೋಟೆಲಿನಲ್ಲಿ ಔತಣಗಳ ಉಸ್ತುವಾರಿ ನೋಡುತ್ತಿದ್ದವರು ಉಡುಪಿ ಕಡೆಯ ಕ್ರೈಸ್ತರು. ಡ್ರಮ್ಮು ಹೊರಡುವ ಮೊದಲು ತಪ್ಪದೆ ಫೋನ್ ಮಾಡುವರು.

"ಸಾರ್, ಇವತ್ತು ದೊಡ್ಡ ಲೋಡ್ ಉಂಟು. ಬೇಡ ಹೇಳಬೇಡಿ ಮಾರಾಯ್ರೆ, ಇಲ್ಲಿ ಇಡ್ಲಿಕ್ಕೆ ಜಾಗ ಇಲ್ಲ."

"ಇಷ್ಟೂ ತಿನ್ನದೇ ಬಿಟ್ಟದ್ದಾ?"

"ತಿಂದದ್ದು ಎಲ್ಲಿ? ಫೋಟೋ ತೆಗೆದದ್ದು ಉಂಟು. ನಮ್ಮ ಹುಡುಗರಿಗೆ ಸಹ ಕೊಡ್ಲಿಕ್ಕಿಲ್ಲ, ಹೋಟೆಲಿನ ರೂಲ್. ಶುಕ್ರವಾರ ರಜೆ ದಿನ ಚರ್ಚಿಗೆ ಹೋಗಿ ಊಟ ಕೊಟ್ಟದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳುದು, ಬಂದು ಇದನ್ನು ಡ್ರಮ್ಮಿಗೆ ತುಂಬುದು. ನನಗೇ ಅಸಹ್ಯ ಆಗ್ತದೆ."

ಅವರು ಹೇಳಿದ್ದು ಸುಳ್ಳಲ್ಲ. ಮುಚ್ಚಳ ತೆಗೆದರೆ ಕೆಲವೊಮ್ಮೆ ಅನ್ನದ ಗುಡ್ಡೆಯ ಮೇಲೆ ಇಡೀ ಕುರಿ ಹಾಗೇ ಇರುತ್ತಿತ್ತು. ಪಕ್ಕೆಯಿಂದ ಒಂದು ತುಂಡು ಕಿತ್ತಿದ್ದು ಬಿಟ್ಟರೆ ಯಾರೂ ಮುಟ್ಟಿರುತ್ತಿರಲಿಲ್ಲ. ತಟ್ಟೆ ಬರಿದಾದರೆ ಮನೆಯವರ ಮಾನ ಹೋಗುತ್ತದೆ, ಅದಕ್ಕೇ ಬಂದವರ ಎರಡರಷ್ಟು ಮೂರರಷ್ಟು ಬೇಯಿಸುವುದು ಅಲ್ಲಿನ ಮರ್ಯಾದೆ. ನಮ್ಮ ಮದುವೆಗಳಲ್ಲೂ ಬೇಡ ಬೇಡ ಎಂದರೂ ಎಲೆ ತುಂಬ ಸುರಿದು ತಿಪ್ಪೆಗೆ ಎಸೆಯುತ್ತಾರೆ, ಆದ್ದರಿಂದ ಅವರೊಬ್ಬರನ್ನೇ ಬೈಯುವ ಹಕ್ಕು ನನಗಿಲ್ಲ. ಆದರೆ ನಮ್ಮೂರ ಎಂಜಲನ್ನು ಹಸುವೋ ನಾಯಿಯೋ ತಿನ್ನುತ್ತದೆ. ಇದನ್ನು ಬಿಸಿಲು ತಿನ್ನುತ್ತಿತ್ತು, ಮತ್ತು ಅದರ ನಾತವನ್ನು ನಾವು.

ಕೆಲಸದ ಕ್ರಮ ಹೀಗಿತ್ತು. ನೆಲಕ್ಕೆ ಮೊದಲು ಖರ್ಜೂರದ ಒಣಗರಿ. ಅದನ್ನು ಪುಡಿಮಾಡುವ ಯಂತ್ರ ಪಕ್ಕದ ತೋಟದಲ್ಲಿತ್ತು, ಆದರೆ ಅದು ಡೀಸೆಲ್ಲಿನದು. ನಾವು ಕೊಡಲಿಯಲ್ಲಿ ಕಡಿದೆವು, ಅಂಗೈ ಬೊಬ್ಬೆ ಬಂತು. ಅದರ ಮೇಲೆ ಕೋಳಿ ಗೊಬ್ಬರ, ಮೇಲೆ ಎಂಜಲು, ಮತ್ತೆ ಗರಿ. ರಾಶಿ ಎದೆಯೆತ್ತರ ಆದ ಮೇಲೆ ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ಒಳಗಿನ ಶಾಖ ನೋಡುವುದು. ಶಾಖ ಏರಿದರೆ ರೋಗಾಣು ಸಾಯುತ್ತದೆ, ಇಳಿದಾಗ ರಾಶಿಯನ್ನು ಮಗುಚಿ ಗಾಳಿ ಕೊಡಬೇಕು. ಪುಸ್ತಕದಲ್ಲಿ ಇಷ್ಟೇ.

ನಮ್ಮ ಮೊದಲ ರಾಶಿ ಕಾಯಲೇ ಇಲ್ಲ. ತುಪ್ಪ, ಎಣ್ಣೆ, ಕೊಬ್ಬು ಎಲ್ಲ ಸೇರಿ ಅನ್ನದ ಅಗುಳಿಗೆ ಮೆತ್ತಿಕೊಂಡು ಒಳಗೆ ಗಾಳಿ ಹೋಗದೆ ಇಡೀ ರಾಶಿ ಹುಳಿಯಿತು. ಸಲಿಕೆ ಹಾಕಿದರೆ ಬೂದುಬಣ್ಣದ ಲೋಳೆ, ಅದರಲ್ಲಿ ಮಿಜಿಗುಡುವ ಬಿಳಿಹುಳ. ನೊಣ ಎಷ್ಟಾದವೆಂದರೆ ಪಕ್ಕದ ತೋಟದವರು ಬೇಲಿಯ ಹತ್ತಿರ ಬಂದು ಕೂಗಾಡಿದರು. ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ತಡೆಯುತ್ತಿದ್ದಳು.

"ಅಲ್ಲೇ ನಿಂತ್ಕೊಳ್ರೀ. ಬಟ್ಟೆ ಈ ಬಕೆಟ್ಟಿಗೆ ಹಾಕಿ ಒಳಗೆ ಬನ್ನಿ. ಲಿಫ್ಟಲ್ಲಿ ಬರ್ಬೇಡಿ ಅಂತ ನಿನ್ನೆ ಹಾರಿಸ್ ಬಂದು ಹೇಳ್ಹೋದ." ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ.

"ಮತ್ತೆ ಆರನೇ ಮಹಡಿಗೆ ಹತ್ಕೊಂಡು ಬರ್ಲಾ?"

"ಹತ್ಕೊಂಡು ಬನ್ನಿ. ಎಣ್ಣೆ ಮುಗಿದ ಮೇಲೆ ಲಿಫ್ಟ್ ಎಲ್ಲಿರುತ್ತೆ?"

ಮಗಳು ಒಳಗಿನಿಂದಲೇ "ಅಪ್ಪಾ, ಯೂ ಸ್ಮೆಲ್ ಲೈಕ್ ಅ ಡೆಡ್ ಗೋಟ್" ಎನ್ನುವಳು. ಅದು ಕುರಿ ಎಂದು ತಿದ್ದುವಷ್ಟು ಉತ್ಸಾಹ ನನ್ನಲ್ಲಿ ಉಳಿದಿರುತ್ತಿರಲಿಲ್ಲ.

ಎರಡನೆಯ ರಾಶಿಗೆ ಗರಿಯ ಪ್ರಮಾಣ ಹೆಚ್ಚಿಸಿದೆ. ಎಂಜಲನ್ನು ಮೊದಲು ನೀರಿನಲ್ಲಿ ನೆನೆಸಿ, ಜಾಲರಿಯ ಮೇಲೆ ಬಸಿದು, ಉಪ್ಪು ಎಣ್ಣೆ ಕಳೆದು ಹಾಕುವುದೆಂದು ನಿರ್ಧರಿಸಿದೆ. ಈ ಸಲ ರಾಶಿ ಕಾಯಿತು. ಬೆಳಿಗ್ಗೆ ಹಬೆ ಏಳುತ್ತಿತ್ತು. ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಕಾಡುಮಣ್ಣಿನ ವಾಸನೆಯಲ್ಲಿ ಬಂದಾಗ ನನಗೆ ಕುಣಿಯುವಷ್ಟು ಖುಷಿ. ಅದರಲ್ಲಿ ಬಾರ್ಲಿ ಬಿತ್ತಿದೆವು. ಮೊಳಕೆ ಬಂತು, ಎಲೆಯ ತುದಿ ಸುಟ್ಟ ಹಾಗಾಯಿತು, ವಾರದೊಳಗೆ ಅರ್ಧ ತಾಕು ಒಣಗಿತು. ಉಪ್ಪಳೆಯುವ ಮೀಟರಿನಲ್ಲಿ ನೋಡಿದರೆ ಗೊಬ್ಬರದಲ್ಲಿ ಉಪ್ಪು ತೊಳೆಯುವ ಮುಂಚಿಗಿಂತ ಜಾಸ್ತಿ!

ತಲೆಕೆಡಿಸಿಕೊಂಡು ವಿಚಾರಿಸಿದಾಗ ಗೊತ್ತಾಯಿತು. ವಫ್ರಾದಲ್ಲಿ ಎರಡು ನೀರು. ಒಂದು ಬಾವಿಯ ಉಪ್ಪುನೀರು, ಇನ್ನೊಂದು ಟ್ಯಾಂಕರಿನಲ್ಲಿ ಬರುವ ಸಿಹಿನೀರು. ತೋಟದಲ್ಲಿ ದುಡಿಯುವ ಯಾರೂ ಸಿಹಿನೀರನ್ನು ಕುಡಿಯಲು, ಅಡುಗೆಗೆ ಬಿಟ್ಟು ಬೇರೆಯದಕ್ಕೆ ಮುಟ್ಟುವುದಿಲ್ಲ. ನಾನು ಹೇಳಿದ್ದು "ತೊಳೆ" ಎಂದಷ್ಟೇ. ನಮ್ಮ ಬಂಗಾಲಿ ಭಾಯಿ ಬಾವಿನೀರಿನಲ್ಲೇ ಮೂರು ಸಲ ತೊಳೆದಿದ್ದ. "ಕಚರಾಕೋ ಮೀಠಾ ಪಾನಿ ಕೌನ್ ದೇತಾ ಸಾಬ್?" ಎಂದು ನನ್ನನ್ನೇ ಕೇಳಿದ. ಕಸಕ್ಕೆ ಕುಡಿಯುವ ನೀರು ಹಾಕುತ್ತಾರೆಂದು ಅವನಿಗೆ ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ಟ್ಯಾಂಕರಿನ ನೀರು ಬಳಸುವುದು ಸರಿಯೇ ಎಂದು ಕೇಳಲು ಮ್ಯಾನೇಜರ್ ಬಳಿ ಹೋದೆ. ಮ್ಯಾನೇಜರ್ ಬೆಂಗಳೂರಿನವರು, ನನಗಿಂತ ಚಿಕ್ಕವರು, ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಮನೆ. ಮಣ್ಣು ಮುಟ್ಟಿದರೆ ಕೂಡಲೇ ಒದ್ದೆ ಟಿಶ್ಯೂ ಹುಡುಕುವವರು.

"ತಗೊಳ್ರೀ ಎಷ್ಟು ಬೇಕಾದ್ರೂ. ನೀರು ತಾನೇ?" ಎಂದರು.

"ಸಾರ್, ಇಲ್ಲಿ ಸಿಹಿನೀರು ಅಂದ್ರೆ ಸಮುದ್ರದ ನೀರನ್ನ ಎಣ್ಣೆ, ಗ್ಯಾಸು ಉರಿಸಿ ಕುದಿಸಿದ್ದು. ಅದನ್ನ ಹಾಕಿದ್ರೆ ನಮ್ಮ ಯೋಜನೆಗೆ ಅರ್ಥ ಏನು ಬಂತು?"

"ಅಯ್ಯೋ, ಅಷ್ಟು ಡೀಪಾಗಿ ಯಾರ್ ನೋಡ್ತಾರೆ? ನೀರು ಸಮುದ್ರದಿಂದ ಬರುತ್ತೆ, ನ್ಯಾಚುರಲ್. ಬ್ರೋಷರಲ್ಲಿ ಹಂಗೇ ಹಾಕ್ಸಿದೀನಿ."

"ಡ್ರಮ್ಮು ತರೋ ಲಾರಿ?"

"ಟ್ರಾನ್ಸ್‌ಪೋರ್ಟ್ ನಮ್ಮ ಸ್ಕೋಪಲ್ಲಿ ಬರಲ್ಲ. ನೀವು ಬೆಳೆ ನೋಡ್ಕೊಳ್ರೀ, ಅಷ್ಟು ಸಾಕು."

ಹೇಸಿಗೆ ಎನ್ನುವ ಪದ ನನ್ನ ಮನಸ್ಸಿನಲ್ಲಿ ಮೊದಲ ಸಲ ಮೂಡಿದ್ದು ಎಂಜಲಿನ ಡ್ರಮ್ಮಿನ ಎದುರು ಅಲ್ಲ, ಆ ಹವಾನಿಯಂತ್ರಿತ ಕೋಣೆಯಲ್ಲಿ. ಟ್ಯಾಂಕರ್ ತರಿಸಲಿಲ್ಲ. ತೊಳೆಯುವುದನ್ನೇ ಬಿಟ್ಟು, ಎಂಜಲು ಕಡಿಮೆ ಮಾಡಿ ಗರಿಯನ್ನು ಇನ್ನಷ್ಟು ಕಡಿದು ಸೇರಿಸಿದೆವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಕಪ್ಪು ಮೋಡ ಕಟ್ಟಿತು. ನಾನೂ ಭಾಯಿಯೂ ಓಡಿಹೋಗಿ ಮಾಗಿದ ಗೊಬ್ಬರವನ್ನೆಲ್ಲ ಇಳಿಜಾರಿನ ಮೇಲೆ ತೆಳ್ಳಗೆ ಹರಡಿದೆವು. ಸಂಜೆವರೆಗೂ ಮಳೆ ಹೊಡೆಯಿತು. ಕಂದುನೀರು ಇಳಿದುಹೋಗುತ್ತಿತ್ತು, ನಾವಿಬ್ಬರೂ ಹಲ್ಲು ಕಟಕಟ ಎನ್ನುತ್ತ ನೆನೆಯುತ್ತ ನಿಂತಿದ್ದೆವು. ಮರುದಿನ ಮೀಟರ್ ಇಟ್ಟಾಗ ಉಪ್ಪು ಬಾರ್ಲಿ ತಡೆಯುವ ಮಟ್ಟಕ್ಕೆ ಇಳಿದಿತ್ತು. ಆ ಇಡೀ ಯೋಜನೆಯಲ್ಲಿ ಎಣ್ಣೆಯ ಹಂಗಿಲ್ಲದೆ ನಮಗೆ ಸಿಕ್ಕಿದ್ದು ಆ ಮಳೆ ಒಂದೇ.

ಮತ್ತೆ ಬಿತ್ತಿದೆವು. ಬಾವಿನೀರನ್ನೇ ಹನಿಹನಿಯಾಗಿ ಬಿಟ್ಟರೂ ಈ ಸಲ ಬಾರ್ಲಿ ಉಳಿಯಿತು. ಆದರೆ ಹಸಿರು ಎನ್ನುವ ಹಾಗಿರಲಿಲ್ಲ, ತಿಳಿ ಹಳದಿ ಮಿಶ್ರಿತ ಬಣ್ಣ, ಮೊಣಕಾಲೆತ್ತರಕ್ಕೂ ಬಾರದ ಪೈರು. ಗೊಬ್ಬರದ ಸಾರಜನಕ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ತೆನೆ ಇಣುಕಿತ್ತು, ಕಾಳು ಸಣ್ಣದಾಗಿ ಕಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಮ್ಯಾನೇಜರ್ ಬಂದು ನೋಡಿ ಮುಖ ಕಿವುಚಿದರು.

"ಇದೇನ್ರೀ, ಜಾಂಡೀಸ್ ಆಗಿರೋ ಥರ ಇದೆ? ಇನ್ನು ಹದಿನೈದು ದಿನಕ್ಕೆ ಗೆಸ್ಟ್‌ಗಳು ಬರ್ತಾರೆ."

"ಇದರ ಶಕ್ತಿ ಇಷ್ಟೇ ಸಾರ್. ಇದ್ದದ್ದು ಇದ್ದ ಹಾಗೆ ತೋರಿಸೋಣ."

"ಇದ್ದದ್ದು ಇದ್ದ ಹಾಗೆ ತೋರಿಸಿದ್ರೆ ನಿಮ್ಮ ಇಕಾಮಾನೂ ಇದ್ದದ್ದು ಇದ್ದ ಹಾಗೆ ಎಕ್ಸ್‌ಪೈರ್ ಆಗುತ್ತೆ. ಫ್ಯಾಮಿಲಿ ಇದೆ, ಯೋಚನೆ ಮಾಡಿ."

ಒಂದು ವಾರ ಕಳೆದಿರಬೇಕು. ತಾಕಿನ ರಸ್ತೆಯ ಬದಿಯ ಅರ್ಧ ಭಾಗ ಇದ್ದಕ್ಕಿದ್ದಂತೆ ಕಡುಹಸಿರಾಗತೊಡಗಿತು. ಉಳಿದರ್ಧ ಹಳದಿಯೇ. ಗೊಬ್ಬರ ಹಾಗೆ ಗೆರೆ ಎಳೆದಂತೆ ಕೆಲಸ ಮಾಡುವುದಿಲ್ಲ. ಆ ಬದಿಗೆ ಹನಿನೀರು ಬಿಡುವ ಟ್ಯಾಂಕಿನ ಮುಚ್ಚಳ ತೆಗೆದು ಕೈ ಹಾಕಿದೆ. ಮಧ್ಯಾಹ್ನದ ಬಿಸಿಲಿಗೆ ಕಾದಿರಬೇಕಾದ ನೀರು ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ಯೂರಿಯಾ ಕರಗುವಾಗ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ, ಕೃಷಿ ಓದಿದವರಿಗೆಲ್ಲ ಇದು ಗೊತ್ತು. ತಳದಲ್ಲಿ ಇನ್ನೂ ಕರಗದ ಹರಳು ಬೆರಳಿಗೆ ಸಿಕ್ಕಿತು. ಭಾಯಿಯ ಮುಖ ನೋಡಿದೆ. "ಮ್ಯಾನೇಜರ್ ಸಾಬ್ ಬೋಲಾ" ಎಂದು ನೆಲ ನೋಡಿದ.

ತಿಂಗಳುಗಟ್ಟಲೆ ಹುಳದ ರಾಶಿಯಲ್ಲಿ ಕೈಯಾಡಿಸಿದ್ದೆ, ಆ ತಣ್ಣನೆಯ ಶುದ್ಧ ನೀರಿನಿಂದ ಕೈ ಹೊರತೆಗೆದಾಗ ಆದಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಇನ್ನೊಂದು ಚೀಲ ಹಾಕಿ ಉಳಿದರ್ಧವನ್ನೂ ಹಸಿರು ಮಾಡಿದ್ದರೆ ಇಕಾಮಾ ಕೈಯಲ್ಲಿರುತ್ತಿತ್ತು. ಹೆಂಡತಿ ಮಗಳ ಮುಖ ಕಣ್ಣಮುಂದೆ ಬಂದದ್ದೂ ನಿಜ. ಆದರೆ ಮುದುಕರೊಬ್ಬರು ನನ್ನ ಮೊಮ್ಮಕ್ಕಳು ಏನು ತಿನ್ನುತ್ತಾರೆ ಎಂದು ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವುದೆಂದರೆ ಏನು? ಅವರು ಅದನ್ನು ನಂಬಿ ಕೂರುತ್ತಾರಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ ಅಷ್ಟನ್ನೂ ಮರಳಿಗೆ ಬಿಟ್ಟೆ. ತಾಕಿನ ನಡುವೆ ಹಗ್ಗ ಕಟ್ಟಿ ಎರಡು ಹಲಗೆ ನೆಟ್ಟೆ. ಹಸಿರಿನ ಕಡೆ ಯೂರಿಯಾ ಎಂದೂ ಹಳದಿಯ ಕಡೆ ಎಂಜಲು ಎಂದೂ ಇಂಗ್ಲಿಷಿನಲ್ಲಿ ಬರೆದೆ. ಅತಿಥಿಗಳು ಬರುವ ಬೆಳಿಗ್ಗೆಯೇ ನೆಟ್ಟದ್ದರಿಂದ ಮ್ಯಾನೇಜರಿಗೆ ಕೀಳಿಸಲು ಹೊತ್ತು ಸಿಗಲಿಲ್ಲ.

ಯಜಮಾನರು ಹಲಗೆಗಳನ್ನು ಓದಿದರು. ಮ್ಯಾನೇಜರ್ ಏನೋ ಹೇಳಹೊರಟರು, ಯಜಮಾನರು ಕೈ ಎತ್ತಿ ತಡೆದು ನನ್ನನ್ನೇ ಕೇಳಿದರು. ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ, ಹುಳಿತ ರಾಶಿ, ಬಾವಿನೀರು, ಮಳೆ, ಯೂರಿಯಾ, ಒಂದೂ ಬಿಡದೆ. ಅವರು ಬಗ್ಗಿ ಹಳದಿ ತೆನೆಯೊಂದನ್ನು ಕಿತ್ತು ಅಂಗೈಯಲ್ಲಿ ಉಜ್ಜಿ ಕಾಳು ನೋಡಿದರು.

"ಈ ಅರ್ಧದಿಂದ ಎಷ್ಟು ಜನರ ಹೊಟ್ಟೆ ತುಂಬುತ್ತದೆ?"

"ಒಂದು ಚಿಕ್ಕ ಮನೆಗೆ ಕೆಲವು ದಿನದ ರೊಟ್ಟಿ, ಸರ್. ಅದಕ್ಕೆ ಹತ್ತಾರು ಮದುವೆಯ ಎಂಜಲು ಬೇಕಾಯಿತು."

"ಅಂದರೆ ಇಲ್ಲಿ ಆಗುವುದಿಲ್ಲ."

"ಎಲ್ಲರಿಗೂ ಸಾಕಾಗುವಷ್ಟು ಆಗುವುದಿಲ್ಲ. ತಿನ್ನುವಷ್ಟನ್ನೇ ಬೇಯಿಸಿದರೆ ಅರ್ಧ ಭಾರ ಇಳಿಯುತ್ತದೆ. ಉಳಿದದ್ದಕ್ಕೆ ಇನ್ನೂ ಹಲವು ವರ್ಷ ಹೀಗೇ ಮಾಡಿ ನೋಡಬೇಕು."

ಅವರು ನನ್ನ ಹೆಗಲು ತಟ್ಟಿ, ನಿಜ ಹೇಳಿದ್ದಕ್ಕೆ ಶುಕ್ರನ್ ಎಂದರು. ಆಮೇಲೆ ಎಲ್ಲರೂ ಅತಿಥಿಗಳಿಗೆಂದು ಹಾಕಿದ್ದ ಡೇರೆಗೆ ಹೋದರು. ನನಗೆ ಕಣ್ಣು ತುಂಬಿ ಬಂತು. ಗೆದ್ದೆ ಎಂದುಕೊಂಡು ಅವತ್ತು ಮಗಳಿಗೆ ಐಸ್‌ಕ್ರೀಮ್ ಕೊಡಿಸಿದೆ.

ಮರುವಾರ ನಗರದ ಶರ್ಕ್‌ನಲ್ಲಿದ್ದ ಕಂಪನಿಯ ಕಚೇರಿಗೆ ಕರೆ ಬಂತು. ಮ್ಯಾನೇಜರ್ ನಗುನಗುತ್ತ ಎದ್ದುಬಂದು ಕೈ ಕುಲುಕಿದರು. "ನೀವೇ ಸರಿ ಕಣ್ರೀ. ನೀವು ಹೇಳಿದ್ದರಿಂದ್ಲೇ ಡಿಸಿಷನ್ ಆಯ್ತು. ಯಜಮಾನ್ರು, ಇನ್ನೂ ನಾಲ್ಕು ಪಾರ್ಟ್‌ನರ್ಸ್ ಸೇರಿ ಆಫ್ರಿಕಾದಲ್ಲಿ ಜಮೀನು ತಗೋತಿದಾರೆ. ಮಳೆ ಇರೋ ಕಡೆ, ನದಿ ಪಕ್ಕ. ನೀವು ಹೋಗಿ ಮಣ್ಣು ನೋಡಿ ಜಾಗ ಗುರುತು ಮಾಡ್ಕೊಂಡು ಬನ್ನಿ. ಇಕಾಮಾ ರಿನ್ಯೂ, ಫ್ಯಾಮಿಲಿ ಇಲ್ಲೇ ಇರ್ಬೋದು."

ಮೇಜಿನ ಮೇಲೆ ಉಪಗ್ರಹದಿಂದ ತೆಗೆದ ಚಿತ್ರಗಳಿದ್ದವು. ಖಾಲಿ ಜಮೀನು ಎಂದು ಕೆಂಪು ಗೆರೆ ಎಳೆದಿದ್ದ ಭಾಗದೊಳಗೆ ಸಣ್ಣ ಸಣ್ಣ ಚೌಕಗಳು, ಅವುಗಳ ನಡುವೆ ಕಾಲುದಾರಿ, ದಾರಿಯ ತುದಿಗಳಲ್ಲಿ ದುಂಡನೆಯ ಚುಕ್ಕೆಗಳು.

"ಇವು ಮನೆ ಅಲ್ವಾ ಸಾರ್?"

"ಗುಡಿಸಲು. ಗೌರ್ನಮೆಂಟ್ ಜೊತೆ ಮಾತಾಗಿದೆ, ಅದೆಲ್ಲ ಖಲಾಸ್ ಆಗುತ್ತೆ. ಜನಕ್ಕೆ ನಮ್ಮ ಫಾರ್ಮಲ್ಲೇ ಕೆಲಸ ಕೊಡ್ತೀವಿ."

ಇಲ್ಲಿ ಬೆಳೆಯಲಾಗುವುದಿಲ್ಲ ಎಂದು ನಾನು ಕೊಟ್ಟ ಪ್ರಾಮಾಣಿಕ ಲೆಕ್ಕ ಹೋಗಿ ಆ ಗುಡಿಸಲುಗಳ ಮೇಲೆ ಕೂತಿತ್ತು. ಯಜಮಾನರ ಮೊಮ್ಮಕ್ಕಳು ಉಣ್ಣುತ್ತಾರೆ, ಸಂತೋಷ. ಈ ಚುಕ್ಕೆಗಳಲ್ಲಿರುವವರ ಮೊಮ್ಮಕ್ಕಳು? ಅವರು ಉಣ್ಣುವುದನ್ನು ಇಲ್ಲಿ ತಂದು, ಬೇಯಿಸಿ, ಫೋಟೋ ತೆಗೆದು, ಡ್ರಮ್ಮಿಗೆ ತುಂಬುವುದು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ನನ್ನಿಂದಾಗದು ಎಂದೆ. ಮ್ಯಾನೇಜರ್ ತಮಾಷೆ ಎಂದುಕೊಂಡರು. ಎರಡನೆಯ ಸಲ ಹೇಳಿದ ಮೇಲೆ ಅವರ ನಗು ಆರಿತು.

ಹೆಂಡತಿಗೆ ಹೇಳಿದೆ. ಅವಳು ಕೇಳಿದಳು, "ನೀವು ಹೋಗ್ದಿದ್ರೆ ಇನ್ನೊಬ್ರು ಹೋಗ್ತಾರೆ. ಗೊತ್ತು ತಾನೇ?"

"ಗೊತ್ತು."

"ಆ ಜಮೀನು ಉಳಿಯಲ್ಲ. ನಾವೂ ಒಟ್ಟಿಗೆ ಉಳಿಯಲ್ಲ. ಯಾರಿಗೆ ಒಳ್ಳೇದು ಮಾಡಿದ್ರಿ ನೀವು?"

ನಾನು ಹೋದರೆ ಆ ಕೆಂಪು ಗೆರೆಗೆ ನನ್ನ ಹೆಸರು ಅಂಟುತ್ತಿತ್ತು, ಅದು ಬೇಡವಾಗಿತ್ತು ಎಂದಷ್ಟೇ ಹೇಳಿದೆ. ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದಳು. ಮರುದಿನ ಮಗಳ ಶಾಲೆಗೆ ಹೋಗಿ ಟಿ.ಸಿ. ಕೇಳಿದವಳೂ ಅವಳೇ.

ನಾನೂ ಮಗಳೂ ಹೊರಡುವ ಹಿಂದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಮ್ಯಾನೇಜರ್. ಆಫ್ರಿಕಾಕ್ಕೆ ತಾವೇ ಹೊರಟಿದ್ದರು, ಜೊತೆಗೆ ಹೊಸದಾಗಿ ಸೇರಿದ ಯಾರೋ ಒಬ್ಬರು. ಮಣ್ಣಿನ ಮಾದರಿ ತೆಗೆಯುವ ಆಗರ್ ನನ್ನ ಹತ್ತಿರವೇ ಉಳಿದಿತ್ತು. ತಿರುಗಿಸುತ್ತ ನೆಲಕ್ಕೆ ಇಳಿಸುವ, ಎದೆಯೆತ್ತರದ ಕಬ್ಬಿಣದ ಬೈರಿಗೆ. ಅದು ಕಂಪನಿಯ ಸ್ವತ್ತು. ಸೂಟ್‌ಕೇಸುಗಳ ಹಿಂದಿನಿಂದ ತೆಗೆದು ಕೊಟ್ಟೆ. ಅವರು ಅದನ್ನು ಟಿಶ್ಯೂ ಸುತ್ತಿ ಹಿಡಿದುಕೊಂಡರು.

"ಬೇಜಾರ್ ಮಾಡ್ಕೋಬೇಡಿ. ಇದನ್ನ ಹೆಂಗೆ ಯೂಸ್ ಮಾಡೋದು, ಸ್ವಲ್ಪ ಹೇಳ್ಕೊಡ್ತೀರಾ? ಒಳ್ಳೆ ಜಮೀನು ಅಂತ ಹೆಂಗೆ ಗೊತ್ತಾಗುತ್ತೆ?"

"ಸುಲಭ ಸಾರ್. ಬೀಳುಬಿಟ್ಟ ನೆಲದಲ್ಲಿ ಇದು ಇಳಿಯಲ್ಲ, ಬೆವರು ಬರುತ್ತೆ. ತಿರುಗಿಸಿದ ಕೂಡಲೇ ಸರಾಗವಾಗಿ ಇಳೀತು ಅಂದ್ರೆ ಅಲ್ಲಿ ಯಾರೋ ವರ್ಷವರ್ಷ ಉತ್ತಿದಾರೆ ಅಂತ. ಅದೇ ಒಳ್ಳೆ ಜಮೀನು. ಸುತ್ತ ಒಂದ್ಸಲ ನೋಡಿ, ಅವರು ಅಲ್ಲೇ ಎಲ್ಲೋ ನಿಂತಿರ್ತಾರೆ."